ಅರ್ಜಿ ನಮೂನೆ

ಅರಣ್ಯ ಇಲಾಖೆಯವರು ಕೊಟ್ಟ ಚಾರ್ಟು
ಬಿಚ್ಚಿದರೆ ಮತ್ತೆ ಸುರುಳಿ.
ಮೂಲೆಗೊಂದು ಸೀಮೆಸುಣ್ಣದ ಡಬ್ಬಿ ಹೇರಿ
ನೆಲದ ಮೇಲೇ ಹರವಿದೆ.
ನಡುವೆ ಹುಲಿ. ಬಲಕ್ಕೆ ಆನೆ, ಎಡಕ್ಕೆ ಸಿಂಗಳೀಕ.
ತೀರ ಕೆಳಗೆ, ಅಂಚು ಕತ್ತರಿಸುವಾಗ ಕಾಲು ಕಳಕೊಂಡು,
ಒಂದು ತೋಳ.

ಯಲಬುರ್ಗಿಯಿಂದ ಹನ್ನೆರಡು ಕಿಲೋಮೀಟರು.
ಮರವೆಂದರೆ ಶಾಲೆಯೆದುರಿನ ಬೇವು, ಉಳಿದದ್ದು
ಎರೆ, ಮರಡಿ, ಬಾನು.
ಕಾಡು ಎಂದು ಬರೆಯಲು ಬೋರ್ಡಿನಲ್ಲಿ ಜಾಗವಿತ್ತು,
ಕಿಟಕಿಯಾಚೆ ಇರಲಿಲ್ಲ.

ವನ್ಯಜೀವಿಗಳನ್ನು ನಾವು ಏಕೆ ಉಳಿಸಬೇಕು?
ಕೈಪಿಡಿಯಲ್ಲಿ ಉತ್ತರವೂ ಇತ್ತು, ಆರು ಅಂಶ.
ಎರಡನೆಯದು ಮುಗಿಯುವ ಹೊತ್ತಿಗೆ
ಹಿಂದಿನ ಸಾಲಿನಿಂದ ಯಮನೂರಪ್ಪ ಎದ್ದ.
ವರ್ಷಕ್ಕೆ ಐದು ತಿಂಗಳು ಕುರಿಯ ಹಿಂದೆ ಹೋಗುವ ಹುಡುಗ,
ಎದ್ದು ನಿಂತದ್ದೇ ಅಪರೂಪ.

"ಅಕ್ಕೋರ, ಮೊನ್ನಿ ಐತವಾರ ತೋಳ
ನಮ್ಮ ಮರಿ ಒಯ್ತು. ಹದಿನೆಂಟು ದಿನದ್ದು.
ನಾ ಕಣ್ಣಾರೆ ನೋಡೀನಿ.
ಅದನ್ನ ಉಳಸ್ಬೇಕಂದ್ರ
ನಮ್ಮ ಮರೀನ ಯಾರು ಉಳಸ್ತಾರ್ರಿ?"

ಆರು ಅಂಶಗಳಲ್ಲಿ ಇದು ಇರಲಿಲ್ಲ.
ಕೈಪಿಡಿ ಮುಚ್ಚಿದೆ. ಧೈರ್ಯದಿಂದಲ್ಲ,
ಮುಂದೆ ಏನು ಓದಬೇಕೋ ತಿಳಿಯದೆ.

ಪರಿಹಾರ ಕೊಡ್ತಾರಲ್ಲ, ಅರ್ಜಿ ಹಾಕಿದ್ರಾ ಎಂದೆ.
"ಫೋಟೋ ಕೇಳ್ತಾರ್ರಿ, ಸತ್ತದ್ದರದು.
ಅದು ಇಡೀ ಮರೀನ ಒಯ್ದೈತಿ.
ಇಲ್ಲದ್ದರ ಫೋಟೋ ಹ್ಯಾಂಗ ತೆಗಿಯೂದು?"
ತರಗತಿ ನಕ್ಕಿತು. ಅವನು ನಗಲಿಲ್ಲ.
ನಾನು ಅರ್ಧ ನಕ್ಕು ನಿಲ್ಲಿಸಿದೆ.

ಆಮೇಲೆ ಕನ್ನಡದ ಪಿರಿಯಡ್ಡು, ಪತ್ರಲೇಖನ.
ರಜೆ ಕೋರಿ ಮುಖ್ಯಗುರುಗಳಿಗೆ ಅಂತಿದ್ದುದನ್ನು ಬಿಟ್ಟು
ಬರೆದೆ: ವಲಯ ಅರಣ್ಯಾಧಿಕಾರಿಗಳಿಗೆ.
ವಿಷಯ,
ಎಂಬಲ್ಲಿಯೇ ಜಗಳ ಶುರು.

ತೋಳ ಮರಿಯನ್ನು ಕದ್ದ ಬಗ್ಗೆ, ಅಂದಳು ದ್ಯಾಮವ್ವ.
ಕದಿಯೂದಂದ್ರ ಕಳ್ಳತನ, ಯಾರ ಮರಿ ಅಂತ
ಅದಕ್ಕೇನು ಗೊತ್ತು, ಎಂದ ಮೌಲಾಹುಸೇನ.
ತಿಂದ ಬಗ್ಗೆ? ತಿಂದದ್ದು ಯಾರು ನೋಡ್ಯಾರ?
ಕೊಂದ ಬಗ್ಗೆ? ಸುಮ್ಮನಾದರು.
ಕಡೆಗೆ ಯಮನೂರಪ್ಪನೇ, ನೆಲ ನೋಡುತ್ತ:
"ಒಯ್ದ ಬಗ್ಗೆ ಅಂತ ಬರೀರಿ ಅಕ್ಕೋರ.
ಅದಕ್ಕೂ ಮರಿ ಅದಾವ."

ಬರೆದೆ. ಸೀಮೆಸುಣ್ಣ ಮುರಿಯಿತು, ಮತ್ತೆ ಬರೆದೆ.

ಪ್ರಾಣಿಯ ಹೆಸರು ಎಂಬ ಕಾಲಮ್ಮಿನಲ್ಲಿ
ಕುರಿಮರಿ ಎಂದು ನಾನು. ಅಲ್ಲ,
ಬೋರಿ, ಎಂದು ಅವನು. ಎಡಗಿವಿಗೆ ಕಂದು ಮಚ್ಚೆ.
ಅಂದಾಜು ಮೌಲ್ಯ: ಈಗಿಷ್ಟು, ದಸರಾಕ್ಕೆ ಇಷ್ಟು,
ಎರಡು ಸಲ ಈದರೆ ಇಷ್ಟು, ಎಂದು ಐವರು ಒಟ್ಟಿಗೆ.
ಬಾಯಿಲೆಕ್ಕ. ಒಬ್ಬರದೂ ತಪ್ಪಿಲ್ಲ.
ಗಣಿತದ ಪರೀಕ್ಷೆಯಲ್ಲಿ ಇವರಿಗೇ ಸೊನ್ನೆ.

ಘಟನೆ ನಡೆದ ಸ್ಥಳ?
ಹಳ್ಳದ ದಂಡಿ, ಜಾಲಿಗಿಡದ ಹತ್ತಿರ.
ಯಾವ ಕಡೆ ಹೋಯಿತು? ಮರಡಿ ಕಡೆ.
ಮರಡಿಯಲ್ಲಿ ಎಲ್ಲಿಗೆ?

ಅವನು ಒಮ್ಮೆ ಕಿಟಕಿ ನೋಡಿದ, ಒಮ್ಮೆ ನನ್ನನ್ನು.
ಹತ್ತು ವರ್ಷದವನು. ಅವನಿಗೆ ಗೊತ್ತಿತ್ತು,
ಗೊತ್ತಿದೆ ಎಂದು ನನಗೂ ಗೊತ್ತಾಯಿತು:
ಯಾವ ಗುಂಡಿನ ಕೆಳಗಿನ ಗವಿ, ಎಷ್ಟು ಮರಿ,
ಕಣ್ಣು ಬಿಟ್ಟಿವೆಯೋ ಇಲ್ಲವೋ.
ಊರಲ್ಲಿ ಯಾರ ಮನೆಯ ಅಟ್ಟದ ಮೇಲೆ ಉರುಳಿದೆ ಎಂಬುದೂ.

"ಅಷ್ಟ ಸಾಕ್ರಿ," ಅಂದ.
"ಮರಡಿ ಕಡೆ ಅಂತ ಬರೀರಿ. ಮುಂದಿಂದು ಬ್ಯಾಡ."

ಇಪ್ಪತ್ತೇಳು ಸಹಿ, ನಾಲ್ಕು ಹೆಬ್ಬೆಟ್ಟು.
ಬರೆಯಲು ಬರದೆ ಅಲ್ಲ, ಶಾಯಿಯ ಆಸೆಗೆ.
ಸೋಮವಾರದ ಮೊದಲ ಬಸ್ಸಿಗೆ
ಕಂಡಕ್ಟರನ ಕೈಯಲ್ಲಿ ಹೋಯಿತು ಅರ್ಜಿ.
ಉತ್ತರ ಬಂದಿಲ್ಲ. ಬರಬಹುದು.

ಚಾರ್ಟನ್ನು ಗೋಡೆಗೆ ಹೊಡೆದಿದ್ದೇವೆ.
ತೋಳದ ಕಾಲು ನಿಂತುಹೋದ ಅಂಚಿನ ಕೆಳಗೆ
ಗೋಡೆಯ ಮೇಲೆಯೇ, ಇದ್ದಿಲಿನಲ್ಲಿ,
ಯಾರೋ ಉಳಿದ ಕಾಲು ಬರೆದಿದ್ದಾರೆ.
ಹಿಂದಿನದು ಸ್ವಲ್ಪ ಉದ್ದವಾಗಿದೆ.
ಗೋಡೆ ಹೊಲಸು ಮಾಡಿದ್ದು ಯಾರೆಂದು
ನಾನು ಕೇಳಲಿಲ್ಲ.